ಐದು ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ

ಹೊಟ್ಟೆಗೆ ಸರಿಯಾಗಿ ಬಿದ್ದರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ತಿಳಿಯಲು ಸಂಶೋಧನೆ ಬೇಕೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುವ ಜನ ನಾವು. ಕ್ಷಯವನ್ನಂತೂ ಅಜ್ಜಂದಿರ ಕಾಲದಿಂದಲೂ ಬಡವರ ರೋಗ ಎಂದೇ ಕರೆಯುತ್ತ ಬಂದಿದ್ದೇವೆ. ಆದರೂ 2019ರಿಂದ 2022ರವರೆಗೆ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಒಂದು ತಂಡ ಪಟ್ಟುಹಿಡಿದು ಈ ಹುಣ್ಣಿಗೆ ಕನ್ನಡಿ ಹಿಡಿಯಿತು. ತಂಡದ ಮುಂದಾಳುಗಳು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಅಧ್ಯಯನದ ಹೆಸರು ‘ರೇಷನ್ಸ್’. 2023ರ ಆಗಸ್ಟ್‌ನಲ್ಲಿ ಅದರ ಫಲಿತಾಂಶ ‘ಲ್ಯಾನ್ಸೆಟ್’ ಮತ್ತು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದಾಗ ಉಳಿದವರಿಗೆಲ್ಲ ಆರು ತಿಂಗಳು ರೇಷನ್ ಕೊಟ್ಟರೆ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗುತ್ತದೆ ಎಂಬುದು ಸಾರಾಂಶ. ಸುದ್ದಿ ಆಗಲೇ ಬಂದು ಹೋಯಿತು. ನನಗೆ ಹೇಳಬೇಕೆನಿಸಿದ್ದು ಈ ಪರೀಕ್ಷೆಯನ್ನು ಹೆಣೆದ ಕಸುಬುಗಾರಿಕೆಯ ಬಗ್ಗೆ.

ಕನ್ನಡಿ ಯಾಕೆ ಬೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಔಷಧಿಯೇ ಇಲ್ಲದ ಕಾಲದಲ್ಲಿ ಕ್ಷಯಕ್ಕಿದ್ದ ಚಿಕಿತ್ಸೆ ಎಂದರೆ ಗಾಳಿ, ವಿಶ್ರಾಂತಿ ಮತ್ತು ಊಟ. ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಹುಟ್ಟಿದ್ದು ಆ ನಂಬಿಕೆಯ ಮೇಲೆ. ಅದಕ್ಕೆ ಹೆಸರು ಕೊಟ್ಟ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದಲೇ ತೀರಿಕೊಂಡವರು. ಅರಮನೆಯನ್ನೂ ಬಿಡದ ರೋಗ ಅದು. ಮುಂದೆ ಮಾತ್ರೆಗಳು ಬಂದವು. 1956ರಲ್ಲಿ ಮದರಾಸಿನ ಕ್ಷಯರೋಗ ಚಿಕಿತ್ಸಾ ಸಂಶೋಧನಾ ಕೇಂದ್ರ ಒಂದು ದಿಟ್ಟ ಪ್ರಯೋಗಕ್ಕೆ ಕೈ ಹಾಕಿತು. ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂಗೆ ಸೇರಿಸಿ, ಉಳಿದವರಿಗೆ ಮನೆಯಲ್ಲೇ ಅದೇ ಮಾತ್ರೆ ಕೊಟ್ಟು ಒಂದು ವರ್ಷ ನೋಡಿದರು. ಸ್ಯಾನಿಟೋರಿಯಂನವರಿಗೆ ಒಳ್ಳೆಯ ಊಟ, ಹಾಸಿಗೆ, ದಾದಿಯರು. ಮನೆಯವರಿಗೆ ಇಕ್ಕಟ್ಟಾದ ಕೋಣೆ, ಅರೆಹೊಟ್ಟೆ. 1959ರಲ್ಲಿ ಫಲಿತಾಂಶ ಬಂದಾಗ ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಬಡ ದೇಶಗಳಿಗೆ ಇದು ವರದಾನವಾಯಿತು. ಸ್ಯಾನಿಟೋರಿಯಂ ಕಟ್ಟದೆಯೇ ಲಕ್ಷಾಂತರ ಜನರಿಗೆ ಮನೆಯಲ್ಲೇ ಚಿಕಿತ್ಸೆ ಕೊಡಬಹುದೆಂದಾಯಿತು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ದೇಶದ ಕಾರ್ಯಕ್ರಮವನ್ನು ರೂಪಿಸಿತು.

ಆದರೆ ಒಳ್ಳೆಯ ಅಧ್ಯಯನಗಳಿಗೂ ಒಂದು ದುರದೃಷ್ಟವಿರುತ್ತದೆ. ಕೇಳಿದ ಪ್ರಶ್ನೆಗೆ ಅವು ಕೊಟ್ಟ ಉತ್ತರವನ್ನು, ಕೇಳದೇ ಇದ್ದ ಪ್ರಶ್ನೆಗಳಿಗೂ ಜನ ಹಚ್ಚಿಬಿಡುತ್ತಾರೆ. ಮಾತ್ರೆ ಸರಿಯಾಗಿ ನುಂಗಿದರೆ ಒಳ್ಳೆಯ ಊಟವಿಲ್ಲದೆಯೂ ರೋಗಿ ಗುಣವಾಗುತ್ತಾನೆಯೇ ಎಂಬುದು ಮದರಾಸಿನವರ ಪ್ರಶ್ನೆ. ಒಳ್ಳೆಯ ಊಟ ಸಿಕ್ಕಿದ್ದರೆ ರೋಗ ಬರುತ್ತಿತ್ತೇ ಎಂದು ಅವರು ಕೇಳಿರಲಿಲ್ಲ. ಕ್ಷಯದ ವಿಷಯದಲ್ಲಿ ಊಟದ ಮಾತು ಮೂಲೆಗೆ ಸರಿದದ್ದು ಹೀಗೆ.

ಸೋಂಕು ಬೇರೆ, ರೋಗ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಕ್ಷಯದ ಬ್ಯಾಕ್ಟೀರಿಯಾ ದೇಹಕ್ಕೆ ಹೊಕ್ಕವರಲ್ಲಿ ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುವುದು ಶೇ 5ರಿಂದ 10ರಷ್ಟು ಜನರಿಗೆ ಮಾತ್ರ. ಉಳಿದವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಅದುಮಿಟ್ಟಿರುತ್ತದೆ. ಹಸಿವು ಆ ಹಿಡಿತವನ್ನು ಸಡಿಲಿಸುತ್ತದೆ. ಎತ್ತರಕ್ಕೂ ತೂಕಕ್ಕೂ ಇರುವ ಲೆಕ್ಕವಾದ ಬಿಎಂಐ ಒಂದು ಅಂಕ ಏರಿದರೆ ಕ್ಷಯ ಬರುವ ಸಾಧ್ಯತೆ ಸುಮಾರು ಶೇ 14ರಷ್ಟು ಇಳಿಯುತ್ತದೆ ಎಂದು ಹಲವು ದೇಶಗಳ ಅಂಕಿಅಂಶ ಒಟ್ಟುಗೂಡಿಸಿದ ಅಧ್ಯಯನ 2010ರಲ್ಲೇ ತೋರಿಸಿತ್ತು. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಪ್ಯಾಪ್‌ವರ್ತ್‌ನಲ್ಲಿ 1918ರಲ್ಲಿ ವ್ಯಾರಿಯರ್-ಜೋನ್ಸ್ ಎಂಬ ವೈದ್ಯ ಕ್ಷಯರೋಗಿಗಳ ಕುಟುಂಬಗಳಿಗೆ ಮನೆ, ಕೆಲಸ, ಒಳ್ಳೆಯ ಊಟ ಒದಗಿಸಿ ಒಂದು ಊರನ್ನೇ ಕಟ್ಟಿದ್ದ. ಅಲ್ಲಿ ಹುಟ್ಟಿದ ಮಕ್ಕಳಿಗೆ ಸೋಂಕು ತಗುಲುತ್ತಿತ್ತು, ರೋಗ ಮಾತ್ರ ಅಪರೂಪವಾಗಿತ್ತು. ಈ ಹಳೆಯ ದಾಖಲೆಗಳನ್ನು ಕೆದಕಿ ಮತ್ತೆ ಲೆಕ್ಕ ಹಾಕಿದವರಲ್ಲೂ ಭಾರ್ಗವ ದಂಪತಿ ಇದ್ದರು.

ಅನುರಾಗ್ ಭಾರ್ಗವ ‘ರೇಷನ್ಸ್’ಗೂ ಮೊದಲು ಛತ್ತೀಸ್‌ಗಢದ ಹಳ್ಳಿಗಾಡಿನಲ್ಲಿ ಕೆಲಸ ಮಾಡಿದವರು. ಅಲ್ಲಿನ ಕ್ಷಯರೋಗಿಗಳ ತೂಕದ ದಾಖಲೆಗಳನ್ನು ಅವರು ಸಹೋದ್ಯೋಗಿಗಳೊಂದಿಗೆ 2013ರಲ್ಲಿ ಪ್ರಕಟಿಸಿದರು. ಗಂಡಸರ ಮಧ್ಯಮ ತೂಕ 42.1 ಕೆ.ಜಿ., ಹೆಂಗಸರದು 34.1 ಕೆ.ಜಿ. ಮೂವತ್ತನಾಲ್ಕು ಕೆ.ಜಿ. ಎಂದರೆ ನಮ್ಮ ಮನೆಗಳಲ್ಲಿ ಹನ್ನೊಂದು-ಹನ್ನೆರಡು ವರ್ಷದ ಹುಡುಗಿಯ ತೂಕ. ಇವರು ಮಕ್ಕಳನ್ನು ಹೆತ್ತ, ಗದ್ದೆಯಲ್ಲಿ ದುಡಿಯುವ ಹೆಂಗಸರು.

ಇಷ್ಟಿದ್ದರೂ ಸರ್ಕಾರ ಕೈಬಿಚ್ಚಿ ಖರ್ಚು ಮಾಡಬೇಕಾದರೆ ‘ಸಂಬಂಧವಿದೆ’ ಎಂಬ ಪುರಾವೆ ಸಾಲದು. ತೂಕ ಕಡಿಮೆ ಇದ್ದವನಿಗೆ ರೋಗ ಬಂತೋ, ರೋಗ ಬಂದು ತೂಕ ಇಳಿಯಿತೋ? ಬಡವನಿಗೆ ಊಟವೂ ಕಡಿಮೆ, ಕಿಟಕಿಯೂ ಕಡಿಮೆ. ರೋಗಕ್ಕೆ ಯಾವುದನ್ನು ದೂರುವುದು? ಬಿಡಿಸಿ ನೋಡಲು ಒಂದೇ ದಾರಿ: ಒಂದೇ ಥರದ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಅನ್ನ ಕೊಟ್ಟು, ಕಾದು ನೋಡುವುದು.

ಹೇಳಲು ಸುಲಭ. ಮೊದಲ ತೊಡಕು ನ್ಯಾಯದ್ದು. ಕಣ್ಣೆದುರಿಗೆ ಮೂಳೆ-ಚಕ್ಕಳವಾಗಿ ಕೂತ ರೋಗಿಗೆ ‘ನೀನು ಹೋಲಿಕೆಯ ಗುಂಪಿನವನು, ನಿನಗೆ ರೇಷನ್ ಇಲ್ಲ’ ಎನ್ನಲು ಬಾಯಿ ಬರುತ್ತದೆಯೇ? ತಂಡ ಆ ಗೋಜಿಗೇ ಹೋಗಲಿಲ್ಲ. ಎರಡೂ ಗುಂಪುಗಳ ಎಲ್ಲ 2,800 ರೋಗಿಗಳಿಗೂ ತಿಂಗಳಿಗೆ 10 ಕೆ.ಜಿ. ಆಹಾರದ ಚೀಲ ಕೊಟ್ಟಿತು. ಅದರಲ್ಲಿ ಧಾನ್ಯ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ಗುಂಪುಗಳ ನಡುವಿನ ವ್ಯತ್ಯಾಸವನ್ನು ಮನೆಯ ಉಳಿದವರಿಗಷ್ಟೇ ಇಟ್ಟಿತು. ಒಂದು ಗುಂಪಿನ ಮನೆಯವರಿಗೂ ತಲೆಗೊಂದು ಚೀಲ; ಇನ್ನೊಂದರ ಮನೆಯವರಿಗೆ ಅವರ ಎಂದಿನ ಊಟ. ಮನಸ್ಸಾಕ್ಷಿಗೂ ಲೆಕ್ಕಕ್ಕೂ ಒಪ್ಪುವ ಇಂಥ ಗೆರೆಯನ್ನು ಹುಡುಕುವುದರಲ್ಲೇ ಸಂಶೋಧಕನ ಅರ್ಧ ಜಾಣತನವಿದೆ.

ತಲೆಗೊಂದು ಚೀಲ ಎನ್ನುವುದರಲ್ಲೂ ನಮ್ಮ ಮನೆಗಳ ರೀತಿ ಗೊತ್ತಿರುವವರ ಕೈಗುಣ ಕಾಣುತ್ತದೆ. ರೋಗಿಯೊಬ್ಬನ ಹೆಸರಿಗೆ ಅಕ್ಕಿ ಬಂದರೆ ಅದು ಎಲ್ಲರ ಪಾತ್ರೆಗೂ ಬೀಳುತ್ತದೆ. ಮಕ್ಕಳು ನೋಡುತ್ತ ಕೂತಿರುವಾಗ ಯಾವ ತಂದೆಯೂ ತನ್ನ ತಟ್ಟೆಯನ್ನು ಬೇರೆ ಇಟ್ಟುಕೊಂಡು ಉಣ್ಣುವುದಿಲ್ಲ. ವಯಸ್ಕರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ತೊಗರಿಬೇಳೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ಇದರ ಅರ್ಧ. ದಿನದ ಲೆಕ್ಕಕ್ಕೆ ಇಳಿಸಿ ನೋಡಿ. ಸುಮಾರು 165 ಗ್ರಾಂ ಅಕ್ಕಿ, 50 ಗ್ರಾಂ ಬೇಳೆ. ಒಟ್ಟು 750 ಕ್ಯಾಲೊರಿ, 23 ಗ್ರಾಂ ಪ್ರೊಟೀನ್. ಅಕ್ಕಿಯಿಂದ ಬಂದಷ್ಟೇ ಪ್ರೊಟೀನ್ ಆ ಮುಷ್ಟಿ ಬೇಳೆಯಿಂದಲೂ ಬರುತ್ತದೆ ಎಂಬುದನ್ನು ಗಮನಿಸಿ. ಹೆಚ್ಚಾಗಿ ಅಕ್ಕಿಯನ್ನೇ ಹಂಚುತ್ತ ಬಂದ ನಮ್ಮ ರೇಷನ್ ಅಂಗಡಿಗಳು ಕಲಿಯಬೇಕಾದ ಗಣಿತ ಇದು. ಇದರಲ್ಲಿ ಮೊಟ್ಟೆ, ಮಾಂಸ, ಬಾದಾಮಿ ಯಾವುದೂ ಇಲ್ಲ. ಯಾವ ಸರ್ಕಾರವೂ ನಾಳೆ ಬೆಳಿಗ್ಗೆಯೇ ಗೋದಾಮಿನಿಂದ ತೆಗೆದು ಕೊಡಬಹುದಾದ ಸಾಮಾನು. ಆಗಿನ ಬೆಲೆಯಲ್ಲಿ ಒಬ್ಬರಿಗೆ ತಿಂಗಳಿಗೆ ಸುಮಾರು 325 ರೂಪಾಯಿ.

ಎರಡನೆಯ ತೊಡಕು ನೆರೆಹೊರೆಯದು. ಒಂದೇ ಕೇರಿಯಲ್ಲಿ ಈ ಮನೆಗೆ ಅಕ್ಕಿ, ಆ ಮನೆಗಿಲ್ಲ ಎಂದರೆ ಜಗಳವಾಗುತ್ತದೆ, ಇಲ್ಲವೇ ಅಕ್ಕಿಯೇ ಗೋಡೆ ಹಾರುತ್ತದೆ. ಎರಡರಲ್ಲಿ ಯಾವುದಾದರೂ ಲೆಕ್ಕ ಕೆಡುತ್ತದೆ. ಅದಕ್ಕೆ ಮನೆಗಳ ಬದಲು ಕ್ಷಯ ನಿಯಂತ್ರಣ ಕಾರ್ಯಕ್ರಮದ 28 ಘಟಕಗಳನ್ನೇ ಲಾಟರಿಯಂತೆ ಎರಡು ಪಾಲು ಮಾಡಿದರು. ಒಂದು ಘಟಕದ ವ್ಯಾಪ್ತಿಯ ಮನೆಗಳಿಗೆಲ್ಲ ಒಂದೇ ನಿಯಮ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದೇ ಸೀಮೆಯ ಜನ ಊಟದಲ್ಲಿ, ಕಸುಬಿನಲ್ಲಿ, ರೋಗದಲ್ಲಿ ಒಬ್ಬರನ್ನೊಬ್ಬರು ಹೋಲುವುದರಿಂದ, ನಂಬಲರ್ಹ ಉತ್ತರಕ್ಕೆ ಇನ್ನೂ ಹೆಚ್ಚು ಜನರನ್ನು ಸೇರಿಸಬೇಕಾಗುತ್ತದೆ. ಹಾಗಾಗಿ ಮನೆಯವರ ಸಂಖ್ಯೆ 10,345ಕ್ಕೆ ಏರಿತು. ಅವರಲ್ಲಿ ಮೂರನೇ ಎರಡರಷ್ಟು ಸಂತಾಲ, ಹೋ, ಮುಂಡಾ, ಒರಾಂವ್ ಮೊದಲಾದ ಆದಿವಾಸಿಗಳು. ಮೂವರಲ್ಲಿ ಒಬ್ಬರು ಅಪೌಷ್ಟಿಕತೆಯಿಂದ ಬಳಲುತ್ತಿದ್ದವರು.

ಮೂರನೆಯದು ಕಾಯುವ ಕೆಲಸ, ಅಂದರೆ ಎರಡು ವರ್ಷ ಬೆನ್ನುಹತ್ತುವುದು. ನಡುವೆ ಕೋವಿಡ್ ಬಂತು, ಲಾಕ್‌ಡೌನ್ ಆಯಿತು. ಆದರೂ ರೇಷನ್ ಪಡೆದ ಗುಂಪಿನಲ್ಲಿ ಶೇ 94.8, ಪಡೆಯದ ಗುಂಪಿನಲ್ಲಿ ಶೇ 90.7ರಷ್ಟು ಜನರನ್ನು ಕೊನೆಯವರೆಗೂ ತಲುಪಿದರು. ಈ ನಾಲ್ಕು ಅಂಕಗಳ ಅಂತರ ನೋಡಿ ನಗು ಬಂತು. ಚೀಲ ತರುವವರಿಗೆ ಬಾಗಿಲು ಬೇಗ ತೆರೆಯುತ್ತದೆ, ಪ್ರಶ್ನೆ ಮಾತ್ರ ತರುವವರಿಗೆ ಸ್ವಲ್ಪ ತಡ.

ಕೊನೆಗೆ ಹೊಸದಾಗಿ ಕ್ಷಯ ಕಾಣಿಸಿಕೊಂಡವರು ಒಟ್ಟು 218 ಮಂದಿ. ರೇಷನ್ ಇಲ್ಲದ 4,724 ಜನರಲ್ಲಿ 122. ರೇಷನ್ ಪಡೆದ 5,621 ಜನರಲ್ಲಿ 96. ಗುಂಪುಗಳ ಏರುಪೇರನ್ನು ಸರಿತೂಗಿಸಿ ನೋಡಿದಾಗ ಇಳಿಕೆ ಶೇ 39. ಇಲ್ಲೊಂದು ಅನುಮಾನ ಏಳಬಹುದು. ಇದು ಮುಚ್ಚುಮರೆಯ ಪರೀಕ್ಷೆಯಲ್ಲ. ಮಾತ್ರೆಗಾದರೆ ಅದರಂತೆಯೇ ಕಾಣುವ ಸಕ್ಕರೆ ಗುಳಿಗೆ ಕೊಡಬಹುದು. ಅಕ್ಕಿಗೆ ಹುಸಿ ಅಕ್ಕಿ ಎಲ್ಲಿಂದ ತರುವುದು? ಯಾರಿಗೆ ರೇಷನ್ ಸಿಗುತ್ತಿದೆ ಎಂದು ಗೊತ್ತಿದ್ದಾಗ ರೋಗ ಗುರುತಿಸುವ ಕಣ್ಣು ಅರಿವಿಲ್ಲದೆ ಒಂದು ಕಡೆ ವಾಲಬಹುದು. ಅದಕ್ಕೆ ಕಫ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಖಚಿತಪಟ್ಟ ರೋಗಿಗಳನ್ನು ಬೇರೆಯಾಗಿ ಲೆಕ್ಕ ಹಾಕಿದ್ದು ಮುಖ್ಯವಾಗುತ್ತದೆ. ಪ್ರಯೋಗಾಲಯದ ಯಂತ್ರಕ್ಕೆ ಯಾರ ಮನೆಯ ಅಕ್ಕಿಯ ಪರಿಚಯವೂ ಇಲ್ಲ. ಅಲ್ಲಿ ಇಳಿಕೆ ಇನ್ನೂ ಹೆಚ್ಚು, ಶೇ 48. ಅನುಮಾನ ಪೂರ್ತಿ ಹೋಗದಿದ್ದರೂ ನನ್ನ ಮಟ್ಟಿಗೆ ಇದು ಸಾಕಷ್ಟು ಗಟ್ಟಿ ಉತ್ತರ.

ರೋಗಿಗಳ ಕಥೆ ಇನ್ನೊಂದು ಪತ್ರಿಕೆಯಲ್ಲಿ ಬಂತು. ಎಲ್ಲರಿಗೂ ಊಟ ಸಿಕ್ಕಿದ್ದರಿಂದ ಅಲ್ಲಿ ಹೋಲಿಕೆಯ ಗುಂಪಿಲ್ಲ. ಪುರಾವೆಯಾಗಿ ಅದರ ತೂಕ ಸ್ವಲ್ಪ ಕಡಿಮೆಯೇ. ಆದರೂ ಒಂದು ಮಾತು ಪ್ರತಿ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಇರಬೇಕಾದ್ದು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ನಲವತ್ತು ಕೆ.ಜಿ.ಯವನಿಗೆ ಶೇ 5 ಎಂದರೆ ಎರಡು ಕೆ.ಜಿ. ಇದನ್ನು ಪತ್ತೆಹಚ್ಚಲು ಸ್ಕ್ಯಾನಿಂಗ್ ಬೇಡ, ತೂಕದ ಯಂತ್ರ ಸಾಕು.

ಒಂದು ಹೊಸ ರೋಗವನ್ನು ತಪ್ಪಿಸಲು 30 ಮನೆಗಳ 111 ಜನರಿಗೆ ರೇಷನ್ ಕೊಡಬೇಕು ಎಂದು ತಂಡ ಅಂದಾಜಿಸಿದೆ. ತಲೆಗೆ 325ರಂತೆ ಆರು ತಿಂಗಳಿಗೆ ಗುಣಿಸಿದರೆ ಎರಡು ಲಕ್ಷ ರೂಪಾಯಿಗಿಂತ ತುಸು ಹೆಚ್ಚು. ದುಬಾರಿ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಆ ಹಣದಲ್ಲಿ ಒಂದು ಕ್ಷಯ ತಪ್ಪಿದ್ದಲ್ಲದೆ ಉಳಿದ 110 ಜನರೂ ಆರು ತಿಂಗಳು ಉಂಡಿದ್ದಾರೆ. ಲಸಿಕೆಯ ಲೆಕ್ಕದಲ್ಲಿ ಈ ಕೊಸರು ಸಿಗುವುದಿಲ್ಲ.

ಇನ್ನೊಂದು ಸಂಗತಿ. ಈ ಅಧ್ಯಯನದಲ್ಲಿ ಮಂಗಳೂರಿನವರ ಜೊತೆ ಕೈಜೋಡಿಸಿದ್ದು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. 1956ರಲ್ಲಿ ಆ ಮನೆ-ಸ್ಯಾನಿಟೋರಿಯಂ ಪ್ರಯೋಗ ಮಾಡಿದ ಮದರಾಸಿನ ಕೇಂದ್ರವೇ ಬೆಳೆದು ಈ ಸಂಸ್ಥೆಯಾಗಿದೆ. ಅಂದು ಅಲ್ಲಿ ಕೇಳದೆ ಉಳಿದಿದ್ದ ಪ್ರಶ್ನೆಗೆ ಅದೇ ಮನೆಯವರು ಅರವತ್ತು ವರ್ಷದ ಮೇಲೆ ಕೈ ಹಾಕಿದಂತಾಯಿತು.

ಈಗ ಓದುಗರಿಗೆ ಒಂದು ಮಾತು. ಕ್ಷಯರೋಗಿಗಳಿಗೆ ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕಾಗಿ ನಿ-ಕ್ಷಯ ಪೋಷಣೆ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ನಿ-ಕ್ಷಯ ಮಿತ್ರರಾಗಿ ಹೆಸರು ಕೊಟ್ಟವರು ಒದಗಿಸುವ ಆಹಾರದ ಕಿಟ್ ಮನೆಯವರಿಗೂ ಸಿಗುವಂತೆ ಅದೇ ವರ್ಷ ಕೇಂದ್ರ ತೀರ್ಮಾನಿಸಿತು. ನಿಮ್ಮ ಪರಿಚಯದ ಮನೆಯಲ್ಲಿ ಯಾರಾದರೂ ಟಿ.ಬಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಣ ಖಾತೆಗೆ ಬಂದಿದೆಯೇ, ಈ ತಿಂಗಳು ತೂಕ ಎಷ್ಟಾಯಿತು, ಮನೆಯ ಉಳಿದವರ ತಪಾಸಣೆ ಆಗಿದೆಯೇ ಎಂದು ವಿಚಾರಿಸಿ. ಆಗಿರದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಕೈಯಲ್ಲಿ ನಾಲ್ಕು ಕಾಸಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ನಿ-ಕ್ಷಯ ಮಿತ್ರರಾಗಿ, ಆ ಕಿಟ್‌ನಲ್ಲಿ ತೊಗರಿಬೇಳೆ ಇರುವಂತೆ ನೋಡಿಕೊಳ್ಳಿ.