ಕನ್ನಡಿಗೆ ಕಾಣದ ಜಾಗ

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗೋವಾಗ ಕಾರಿನ ಎಡಕ್ಕೊಂದು ಬೈಕ್, ಬಲಕ್ಕೊಂದು ಸ್ಕೂಟರ್ ಇದ್ದೇ ಇರುತ್ತೆ. ಎಷ್ಟೋ ಸಲ ಅದರ ಮೇಲಿರೋದು ನಮ್ಮಂಥ ವಿದ್ಯಾರ್ಥಿಗಳೇ. ಆದ್ರೆ ಕಾರು ಓಡಿಸೋರಿಗೆ ನಾವು ಕಾಣ್ತೀವಾ?

ಒಳಗಿನ ಕನ್ನಡಿ ನೇರ ಹಿಂದಿನದನ್ನು ತೋರಿಸುತ್ತದೆ, ಹೊರಗಿನ ಕನ್ನಡಿಗಳು ಪಕ್ಕದ ಸ್ವಲ್ಪ ಭಾಗವನ್ನು. ಹಿಂದಿನ ಬಾಗಿಲಿನ ಆಸುಪಾಸಿನಲ್ಲಿ ಯಾವ ಕನ್ನಡಿಗೂ ಸಿಗದ ಜಾಗ ಉಳಿಯುತ್ತದೆ. ಅದೇ ಬ್ಲೈಂಡ್ ಸ್ಪಾಟ್.

ಅದನ್ನು ಕಾಯೋಕೆ ಹಿಂದಿನ ಬಂಪರ್‌ನ ಎರಡೂ ಮೂಲೆಗಳ ಒಳಗೆ ಚಿಕ್ಕ ರೇಡಾರ್ ಕೂರಿಸುತ್ತಾರೆ. ಪ್ಲಾಸ್ಟಿಕ್ ಬಂಪರ್ ದಾಟಿ ರೇಡಿಯೋ ಅಲೆ ಹೋಗುತ್ತೆ. ಹೊಸ ರೇಡಾರ್‌ಗಳು ಹೆಚ್ಚಾಗಿ 77 ಗಿಗಾಹರ್ಟ್ಸ್‌ನವು, ತರಂಗಾಂತರ ಸುಮಾರು 3.9 ಮಿಲಿಮೀಟರ್. ಅಲೆ ಹೋಗಿ ಬರೋ ಸಮಯದಿಂದ ದೂರ ಗೊತ್ತಾಗುತ್ತೆ, ಆವರ್ತನದ ವ್ಯತ್ಯಾಸದಿಂದ ವೇಗ. ಪಿಯುಸಿಯಲ್ಲಿ ಓದಿದ ಡಾಪ್ಲರ್ ಪರಿಣಾಮವೇ ಇದು! ಬೈಕೊಂದು ಕಾರಿಗಿಂತ ಗಂಟೆಗೆ 36 ಕಿ.ಮೀ., ಅಂದ್ರೆ ಸೆಕೆಂಡಿಗೆ 10 ಮೀಟರ್, ಹೆಚ್ಚು ವೇಗದಲ್ಲಿ ಹತ್ತಿರ ಬಂದರೆ ಆವರ್ತನ ಸುಮಾರು 5.1 ಕಿಲೋಹರ್ಟ್ಸ್ ಬದಲಾಗುತ್ತದೆ. ನಿಂತಿರೋ ಕಂಬ, ಗೋಡೆಗಳನ್ನು ಕಾರಿನ ವೇಗದ ಲೆಕ್ಕದಿಂದಲೇ ಬೇರ್ಪಡಿಸಬಹುದು.

ಪಕ್ಕದಲ್ಲಿ ಗಾಡಿ ಸಿಕ್ಕರೆ ಆ ಬದಿಯ ಕನ್ನಡಿಯಲ್ಲಿ ದೀಪ ಹತ್ತುತ್ತೆ. ಆಗ ಅದೇ ಕಡೆ ಇಂಡಿಕೇಟರ್ ಹಾಕಿದರೆ ಅನೇಕ ಕಾರುಗಳಲ್ಲಿ ದೀಪ ಮಿನುಗಿ ಬೀಪ್ ಕೇಳಿಸುತ್ತದೆ. 2019ರಲ್ಲಿ ನಮ್ಮಲ್ಲಿಗೆ ಬಂದ ಕಿಯಾ ಸೆಲ್ಟೋಸ್‌ನ ದುಬಾರಿ ಮಾದರಿಯಲ್ಲಿ ಬೇರೆ ದಾರಿ: ಇಂಡಿಕೇಟರ್ ಹಾಕಿದರೆ ಆ ಬದಿಯ ಕ್ಯಾಮೆರಾ ದೃಶ್ಯ ಸ್ಟೀರಿಂಗ್ ಎದುರಿನ ಪರದೆ ಮೇಲೆ ಬರುತ್ತೆ. ಅಲ್ಲಿ ನೋಡಿ ನಿರ್ಧರಿಸೋದು ಓಡಿಸೋರೇ.

ಎರಡರಲ್ಲೂ ಇಂಡಿಕೇಟರ್ ಹಾಕೋ ಅಭ್ಯಾಸ ಮುಖ್ಯ. ಹಾಕದೇ ತಿರುಗಿಸಿದರೆ ಬೀಪ್ ಇಲ್ಲ, ದೃಶ್ಯವೂ ಇಲ್ಲ. ಇನ್ನೊಂದು ತೊಡಕು ಲೇನ್. ಪಕ್ಕದ ಲೇನ್‌ನಲ್ಲಿ ಒಂದೇ ಗಾಡಿ ಇರುತ್ತೆ ಅನ್ನೋ ಲೆಕ್ಕ ವೈಟ್‌ಫೀಲ್ಡ್ ಜಾಮ್‌ನಲ್ಲಿ ನಡೆಯೋದಿಲ್ಲ. ಸುತ್ತ ಬೈಕ್‌ಗಳೇ ಇದ್ದಾಗ ದೀಪ ಆರೋದೇ ಇಲ್ಲ, ಸದಾ ಉರಿಯೋ ದೀಪವನ್ನು ಯಾರೂ ನೋಡೋದಿಲ್ಲ. ಬಂಪರ್‌ಗೆ ಕೆಸರು ಮೆತ್ತಿದರೂ ರೇಡಾರ್ ಮಂಕಾಗುತ್ತೆ.

ಪೀಣ್ಯದ ಲಾರಿಗಳ ವಿಷಯ ಇನ್ನೂ ಗಂಭೀರ. ಚಾಲಕ ಬಲಗಡೆ, ಎತ್ತರದಲ್ಲಿ ಕೂತಿರುತ್ತಾರೆ. ಎಡ ಬಾಗಿಲಿನ ಪಕ್ಕ ಇರೋ ಸ್ಕೂಟರ್ ಅವರಿಗೆ ಪೂರ್ತಿ ಮರೆ. ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಒಳಕ್ಕೆ ಸರಿಯುತ್ತದೆ, ಆ ಸಂದಿಯಲ್ಲಿ ಸಿಕ್ಕವರಿಗೆ ಉಳಿಗಾಲವಿಲ್ಲ.

ಎಲ್ಲ ಗಾಡಿಗೂ ರೇಡಾರ್ ಬರೋವರೆಗೆ ನಮಗೊಂದು ಸುಲಭ ಸೂತ್ರ: ಅವರ ಕನ್ನಡಿಯಲ್ಲಿ ಚಾಲಕರ ಮುಖ ನಮಗೆ ಕಾಣದಿದ್ದರೆ, ನಾವೂ ಅವರಿಗೆ ಕಾಣ್ತಿಲ್ಲ. ಹಿಂದೆ ಉಳಿಯೋಣ, ಇಲ್ಲವೇ ಜಾಗ ನೋಡಿ ಬಲಗಡೆಯಿಂದ ದಾಟೋಣ. ಪಕ್ಕದಲ್ಲೇ ಅಂಟಿಕೊಂಡು ಹೋಗೋದು ಬೇಡ.