ಇನ್ಸುಲಿನ್ ಸೂಜಿ, ಹಸುವಿನ ಸಿರಿಂಜ್: ತಿಪ್ಪೆಗೆ ಹಾಕೋ ಮುಂಚೆ

ಯಲಹಂಕದಿಂದ ಆಚೆ ರಾಜಾನುಕುಂಟೆ, ಹೆಸರಘಟ್ಟ ಕಡೆ ನಾನು ನೋಡಿರೋ ಎಷ್ಟೋ ಮನೆಗಳಲ್ಲಿ ಎರಡು ಥರದ ಸೂಜಿ ಇರುತ್ತೆ. ಒಂದು ಶುಗರ್ ಇರೋ ಅಪ್ಪ-ಅಮ್ಮನದು, ಇನ್ನೊಂದು ಹಸುವಿಗೆ ಕೊಟ್ಟ ಇಂಜೆಕ್ಷನ್‌ದು. ಎರಡೂ ಕೊನೆಗೆ ತಿಪ್ಪೆಗೋ, ಹಾಲಿನ ಕವರ್ ಜೊತೆ ಕಸದ ಗಾಡಿಗೋ ಹೋಗ್ತವೆ.

ತಿಪ್ಪೆಯಲ್ಲಿ ಬಿದ್ದ ಸೂಜಿ ಕೊಳೆಯಲ್ಲ. ಗೊಬ್ಬರದ ಜೊತೆ ಹೊಲಕ್ಕೆ ಹೋಗಿ, ಸೊಪ್ಪು ಕೀಳೋರ ಕೈಗೆ ಚುಚ್ಚುತ್ತೆ. ಹಸು ಮೇವನ್ನು ಮೊದಲು ನುಂಗಿ ಆಮೇಲೆ ಮೆಲುಕು ಹಾಕೋ ಪ್ರಾಣಿ, ಬಾಯಲ್ಲಿ ಲೋಹ ಬಂದ್ರೂ ಉಗಿಯಲ್ಲ. ನುಂಗಿದ ಸೂಜಿ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತೆ. ಆ ಹೊಟ್ಟೆಗೂ ಹೃದಯಕ್ಕೂ ಮಧ್ಯೆ ಇರೋದು ತೆಳು ವಪೆ ಮಾತ್ರ. ಹೊಟ್ಟೆ ಹಿಂಡಿದಾಗ ಸೂಜಿ ಅದನ್ನು ದಾಟಿ ಹೃದಯದ ಚೀಲಕ್ಕೆ ಚುಚ್ಚಿದ್ರೆ ಹಸು ಉಳಿಯೋದು ಕಷ್ಟ. ಇನ್ಸುಲಿನ್ ಪೆನ್ನಿನ ಸೂಜಿ 4ರಿಂದ 8 ಮಿಲಿಮೀಟರ್ ಅಷ್ಟೇ, ಅದರಿಂದ ಅಪಾಯ ಹೆಚ್ಚು ಮನುಷ್ಯರ ಕೈಗೆ. ಹಸುವಿನ ಹೊಟ್ಟೆಗೆ ನಾನು ಹೆದರೋದು ದನದ ಇಂಜೆಕ್ಷನ್ನಿನ ಉದ್ದ ಸೂಜಿಗೆ.

ಮಾಡಬೇಕಾದ್ದು ಸುಲಭ. ಖಾಲಿ ಫಿನೈಲ್ ಬಾಟಲಿ ಥರದ ಗಟ್ಟಿ ಪ್ಲಾಸ್ಟಿಕ್ ಡಬ್ಬ ಒಂದನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಚುಚ್ಚಿದ ತಕ್ಷಣ ಸೂಜಿ ನೇರ ಅದರೊಳಕ್ಕೆ. ಸಿರಿಂಜಿನ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಬೇಡಿ, ಬೆರಳಿಗೆ ಚುಚ್ಚೋದು ಆಗಲೇ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ‘ಸೂಜಿ ಇದೆ’ ಅಂತ ದೊಡ್ಡದಾಗಿ ಬರೆಯಿರಿ. ಹಾಸಿಗೆ ಹಿಡಿದವರ ಯೂರಿನ್ ಬ್ಯಾಗ್ ಆದ್ರೆ ಮೂತ್ರವನ್ನು ಶೌಚಾಲಯಕ್ಕೆ ಸುರಿದು, ಬ್ಯಾಗನ್ನೂ ಗಾಯದ ಹತ್ತಿಯನ್ನೂ ಪೇಪರಲ್ಲಿ ಸುತ್ತಿ ಬೇರೆ ಕೊಡಿ. ಸುಡೋದಂತೂ ಬೇಡ. ಪಿವಿಸಿ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತೆ, ಸೂಜಿ ಬೂದಿಯಲ್ಲಿ ಹಾಗೇ ಉಳಿಯುತ್ತೆ.

2016ರ ಘನತ್ಯಾಜ್ಯ ನಿಯಮದಲ್ಲಿ ಮನೆಯ ಸೂಜಿ, ಸಿರಿಂಜ್, ಅವಧಿ ಮುಗಿದ ಔಷಧಿಯನ್ನು ‘ಗೃಹ ಅಪಾಯಕಾರಿ ತ್ಯಾಜ್ಯ’ ಅಂತ ಕರೆದು, ನಗರ ಪ್ರದೇಶದಲ್ಲಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಇರಬೇಕು ಅಂದಿದ್ದರು. ನಿಮ್ಮ ವಾರ್ಡಲ್ಲಿ ಅದು ಎಲ್ಲಿದೆ ಅಂತ ಕೇಳಿ. ಬೆಂಗಳೂರಲ್ಲಿ ಹಸಿ ಕಸಕ್ಕೆ ಹಸಿರು ಬಕೆಟ್, ಒಣ ಕಸಕ್ಕೆ ಚೀಲ, ಇಂಥದ್ದಕ್ಕೆ ಕೆಂಪು ಬಕೆಟ್. ಡಬ್ಬ ಕೊಡುವಾಗ ಗಾಡಿಯವರಿಗೆ ಬಾಯಲ್ಲೂ ಹೇಳಿ. ಬೇರ್ಪಡಿಸದೆ ಸುರಿದ ಕಸ ಎಲ್ಲಿಗೆ ಹೋಗುತ್ತೆ ಅನ್ನೋದು ಮಾವಳ್ಳಿಪುರದವರಿಗೆ ಚೆನ್ನಾಗಿ ಗೊತ್ತು. 2012ರಲ್ಲಿ ಅವರು ತಡೆದ ಮೇಲೇ ಅಲ್ಲಿಗೆ ಲಾರಿ ನಿಂತದ್ದು. ಪಂಚಾಯ್ತಿ ಊರಲ್ಲಿದ್ರೆ ಡಬ್ಬವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತಗೋತಾರಾ ಕೇಳಿ. ಆಸ್ಪತ್ರೆಗಳ ಸೂಜಿ ಹೇಗೂ ಬೇರೆ ವ್ಯವಸ್ಥೆಯಲ್ಲೇ ಹೋಗುತ್ತೆ.

ದನದ ಸಿರಿಂಜ್, ಬಾಟಲಿಗಳನ್ನು ಪಶುವೈದ್ಯರ ಕೈಗೇ ವಾಪಸ್ ಕೊಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಪಶು ಆಸ್ಪತ್ರೆಗೂ ಅನ್ವಯಿಸುತ್ತೆ. ಕೇಳೋಕೆ ಸಂಕೋಚ ಬೇಡ. ಅದರಲ್ಲೂ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕೋ ಕಂದುರೋಗದ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತೆ, ಆ ಸೂಜಿ ಚುಚ್ಚಿದ್ರೆ ನಮಗೂ ಜ್ವರ ಹಿಡಿಯಬಹುದು.

ಯಾವ ಸೂಜಿಯೇ ಚುಚ್ಚಲಿ, ಹಿಂಡಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯೋ ಮಾತ್ರೆ ಬೇಕಾದ್ರೆ 72 ಗಂಟೆಯೊಳಗೇ ಶುರುವಾಗಬೇಕು. ಸೂಜಿ ಮನುಷ್ಯರದಾ, ಹಸುವಿನದಾ, ಯಾವ ಔಷಧಿ ಇತ್ತು ಅಂತ ಡಾಕ್ಟರಿಗೆ ಹೇಳಿ. ಬಾಟಲಿ ಸಿಕ್ಕಿದ್ರೆ ಅದರ ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಂಡು ಹೋಗಿ.