ನಡುಗಡಲು ಕಾಯುತ್ತದೆ, ದಡ ಕಾಯುವುದಿಲ್ಲ

ಹಾಯಿ ನಡೆಸಿ ಗೊತ್ತಿಲ್ಲದವರು ಮಹಾಸಾಗರ ದಾಟಿ ಬಂದರೆಂಬ ಸುದ್ದಿಯನ್ನು ನಾವು ಓದುವುದೇ ಎಂಟೆದೆಯ ಕಥೆಯಾಗಿ. ಧೈರ್ಯ ಬೇಕು, ನಿಜ. ಆದರೆ ಅದೊಂದನ್ನೇ ಹೊಗಳುತ್ತ ಕೂತರೆ ಅವರನ್ನು ದಾಟಿಸಿದ್ದು ಏನೆಂಬುದು ಕಣ್ತಪ್ಪಿಹೋಗುತ್ತದೆ. ಯಾವ ಕಡಲು, ಯಾವ ದಿಕ್ಕು, ಯಾವ ತಿಂಗಳು, ಎಂಥ ದೋಣಿ ಎಂಬುದೆಲ್ಲ ಹಗ್ಗ ಬಿಚ್ಚುವ ಮುನ್ನವೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಸರಿಯಿದ್ದರೆ ನಡುಗಡಲು ಹೊಸಬರಿಗೆ ಕಲಿಯಲು ವ್ಯವಧಾನ ಕೊಡುತ್ತದೆ. ದಡದ ಹತ್ತಿರ ಮಾತ್ರ ಆ ವ್ಯವಧಾನ ಸಿಗುವುದಿಲ್ಲ. ಅನನುಭವಿಗಳ ಯಾನಗಳನ್ನು ಅಳೆಯಬೇಕಾದದ್ದು ಈ ಎರಡರ ನಡುವಿನ ಅಂತರದಲ್ಲಿ.

1947ರ ಕಾನ್-ಟಿಕಿ ಯಾನವನ್ನೇ ನೋಡಿ. ಏಪ್ರಿಲ್ 28ರಂದು ಪೆರುವಿನ ಕಲ್ಯಾವೊ ಬಂದರಿನಿಂದ ಒಂಬತ್ತು ಬಾಲ್ಸಾ ದಿಮ್ಮಿಗಳ ತೆಪ್ಪವೊಂದು ಹೊರಟಿತು. ಮೇಲಿದ್ದವರು ಆರು ಜನ, ಐವರು ನಾರ್ವೆಯವರು, ಒಬ್ಬ ಸ್ವೀಡನ್ನಿನವನು. ನಾಯಕ ಥಾರ್ ಹೆಯರ್‌ಡಾಲ್‌ಗೆ ಚಿಕ್ಕಂದಿನಿಂದಲೂ ನೀರೆಂದರೆ ಭಯ. ಒಬ್ಬರು ಶೈತ್ಯ ತಂತ್ರಜ್ಞಾನ ಬಲ್ಲ ಎಂಜಿನಿಯರ್, ಇಬ್ಬರು ಯುದ್ಧಕಾಲದ ರೇಡಿಯೊ ಆಪರೇಟರ್‌ಗಳು, ಮತ್ತೊಬ್ಬರು ಸಮಾಜವಿಜ್ಞಾನಿ. ಕಡಲಲ್ಲಿ ದುಡಿದು ಗೊತ್ತಿದ್ದದ್ದು ಎರಿಕ್ ಹೆಸೆಲ್‌ಬರ್ಗ್ ಒಬ್ಬರಿಗೇ. ಸೂರ್ಯ, ನಕ್ಷತ್ರ ನೋಡಿ ತೆಪ್ಪ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದವರೂ ಅವರೇ. ಹೀಗಿದ್ದೂ ಈ ತಂಡ 101 ದಿನಗಳಲ್ಲಿ ಸುಮಾರು 7,000 ಕಿ.ಮೀ. ಸಾಗಿ ಪಾಲಿನೇಷ್ಯಾ ಮುಟ್ಟಿತು. ದಿನಕ್ಕೆ ಸರಾಸರಿ 70 ಕಿ.ಮೀ. ಎಂದರೆ ಮನುಷ್ಯನ ನಡಿಗೆಗಿಂತ ನಿಧಾನ. ಆ ವೇಗವೂ ಅವರ ಚಾತುರ್ಯದ ಫಲವಲ್ಲ. ಪೆರುವಿನ ಕರಾವಳಿಗುಂಟ ಹರಿಯುವ ಹಂಬೋಲ್ಟ್ ಪ್ರವಾಹ ಪಶ್ಚಿಮಕ್ಕೆ ತಿರುಗುತ್ತದೆ, ವಾಣಿಜ್ಯ ಮಾರುತಗಳೂ ಅತ್ತಲೇ ಬೀಸುತ್ತವೆ. ಹಾಯಿಯನ್ನು ಗಾಳಿಗೆ ಒಡ್ಡಿ, ಹಿಂಬದಿಯ ದೊಡ್ಡ ಹುಟ್ಟನ್ನು ಬಿಗಿಹಿಡಿದರೆ ಸಾಕು, ತೆಪ್ಪ ಹೋಗಬೇಕಾದ ಕಡೆಗೇ ಹೋಗುತ್ತಿತ್ತು. ಮೊದಲ ದಿನಗಳಲ್ಲಿ ಆ ಹುಟ್ಟು ಹಿಡಿಯುವುದೇ ಅವರಿಗೆ ದೊಡ್ಡ ಪಾಡಾಯಿತು. ಆದರೆ ಹಿಡಿತ ತಪ್ಪಿದರೂ ಬಡಿಯಲು ಸುತ್ತಮುತ್ತ ಬಂಡೆಯಿರಲಿಲ್ಲ.

ಇನ್ನು ತೆಪ್ಪದ ಹಗ್ಗಗಳ ಮಾತು. ಇಡೀ ಕಟ್ಟೋಣದಲ್ಲಿ ಒಂದು ಮೊಳೆಯಿಲ್ಲ, ತಂತಿಯಿಲ್ಲ, ಎಲ್ಲವೂ ನಾರಿನ ಹಗ್ಗದ ಬಿಗಿತ. ಅಲೆಗಳ ಮೇಲೆ ದಿಮ್ಮಿಗಳು ಒಂದಕ್ಕೊಂದು ಉಜ್ಜಿ ಕೆಲವೇ ವಾರಗಳಲ್ಲಿ ಹಗ್ಗ ಸವೆದು ತುಂಡಾಗುತ್ತದೆ, ಬಾಲ್ಸಾ ನೀರು ಕುಡಿದು ಮುಳುಗುತ್ತದೆ ಎಂದು ಬಲ್ಲವರು ಎಚ್ಚರಿಸಿದ್ದರು. ಎಚ್ಚರಿಕೆಯಲ್ಲಿ ಅರ್ಥವಿತ್ತು. ಗಟ್ಟಿಮರವಾಗಿದ್ದರೆ ಹಾಗೇ ಆಗುತ್ತಿತ್ತೇನೋ. ಬಾಲ್ಸಾ ಮೆತ್ತನೆಯ ಮರವಾದ್ದರಿಂದ ಹಗ್ಗ ಅದರೊಳಗೇ ಕೊರೆದುಕೊಂಡು ಕೂತಿತು, ಉಜ್ಜಾಟದಿಂದ ಪಾರಾಯಿತು. ದಿಮ್ಮಿಗಳನ್ನು ಈಕ್ವೆಡಾರ್‌ನ ಕಾಡಿನಿಂದ ಹಸಿಯಾಗಿಯೇ ಕಡಿದು ತಂದಿದ್ದರು. ಒಳಗಿದ್ದ ಮರದ ರಸ ಉಪ್ಪುನೀರು ಇಳಿಯದಂತೆ ತಡೆಯಿತು. ಮೇಲೆ ಬಿದ್ದ ಅಲೆಯ ನೀರು ದಿಮ್ಮಿಗಳ ಸಂದಿಯಿಂದ ತಾನೇ ಸೋರಿಹೋಗುತ್ತಿದ್ದರಿಂದ ನೀರು ಎತ್ತಿಹಾಕುವ ಗೋಜೇ ಇರಲಿಲ್ಲ. ಹೊಸಬರ ತಪ್ಪನ್ನು ಇಷ್ಟು ಮಟ್ಟಿಗೆ ನುಂಗಿಕೊಳ್ಳುವ ನೌಕೆ ಸಿಕ್ಕುವುದು ಅಪರೂಪ. ಅದರ ಹಿಂದೆ ದಕ್ಷಿಣ ಅಮೆರಿಕದ ಕರಾವಳಿ ಜನ ತಲೆತಲಾಂತರದಿಂದ ಕೂಡಿಟ್ಟ ತಿಳಿವಳಿಕೆಯಿತ್ತು. ಈ ಆರು ಜನ ಅದನ್ನು ಎರವಲು ಪಡೆದಿದ್ದರು.

ಎರವಲಿನ ವಿದ್ಯೆ ಕೈಕೊಟ್ಟದ್ದು ಕೊನೆಯಲ್ಲಿ. ದಿಮ್ಮಿಗಳ ನಡುವೆ ನೀರಿಗಿಳಿಯುವ ಹಲಗೆಗಳನ್ನು ಏರಿಸಿ ಇಳಿಸಿ ತೆಪ್ಪವನ್ನು ಗಾಳಿಗೆದುರಾಗಿಯೂ ತಿರುಗಿಸಬಹುದು. ಅದರ ಪೂರ್ಣ ಮರ್ಮ ಅವರಿಗೆ ಆಗ ತಿಳಿದಿರಲಿಲ್ಲ. ಹೆಯರ್‌ಡಾಲ್ ಅದನ್ನು ಈಕ್ವೆಡಾರ್ ತೀರದಲ್ಲಿ ಪರೀಕ್ಷಿಸಿ ಕಂಡುಕೊಂಡದ್ದು 1953ರಲ್ಲಿ. ಆ ಕೊರತೆಗೆ ತೆತ್ತ ಬೆಲೆ ದೊಡ್ಡದು. ಅಂಗಟಾವು ದ್ವೀಪದ ಜನ ಕಣ್ಣೆದುರೇ ಇದ್ದರು, ದೋಣಿಗಳಲ್ಲಿ ಬಂದು ಹಗ್ಗ ಕಟ್ಟಿ ಎಳೆದರು. ಆದರೂ ತೆಪ್ಪ ಗಾಳಿಗೆದುರಾಗಿ ಒಳಸೇರಲಾಗದೆ ತೇಲಿಹೋಯಿತು. ಮೂರು ದಿನ ಕಳೆದು, ಆಗಸ್ಟ್ 7ರಂದು, ರರೊಯಾದ ಹವಳದ ದಿಬ್ಬಕ್ಕೆ ಅಪ್ಪಳಿಸಿತು. ಕೂವೆಮರ ಮುರಿಯಿತು, ಗುಡಿಸಲು ನಜ್ಜುಗುಜ್ಜಾಯಿತು, ಆರೂ ಜನ ದಿಮ್ಮಿ, ಹಗ್ಗಗಳಿಗೆ ಜೋತುಬಿದ್ದು ಬದುಕಿದರು. ನೂರು ದಿನ ಸಲಹಿದ ಕಡಲು ಕಡೆಯ ಕೆಲವೇ ನಿಮಿಷಗಳಲ್ಲಿ ಅವರನ್ನು ಕೊಲ್ಲುವುದರಲ್ಲಿತ್ತು.

ಬದುಕಿ ಬಂದವರಷ್ಟೇ ಪುಸ್ತಕ ಬರೆಯುತ್ತಾರೆ, ಒಂದು ಗೆಲುವಿನಿಂದ ನಿಯಮ ಮಾಡುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರಕ್ಕೆ ಸೋತವರ ಕಡೆಗೇ ನೋಡೋಣ. ಫ್ರಾನ್ಸಿನ ಎರಿಕ್ ದ ಬಿಷಪ್ ಪೆಸಿಫಿಕ್‌ನಲ್ಲಿ ಪಳಗಿದ ನಾವಿಕ. 1956ರಲ್ಲಿ ಟಹೀಟಿಯಿಂದ ಬಿದಿರಿನ ತೆಪ್ಪದಲ್ಲಿ ಪೂರ್ವಕ್ಕೆ, ಚಿಲಿಯತ್ತ ಹೊರಟರು. ಕಾನ್-ಟಿಕಿಗೆ ತದ್ವಿರುದ್ಧ ದಿಕ್ಕು ಅದು. ತಿಂಗಳುಗಟ್ಟಲೆ ಹೆಣಗಿದರೂ ಚಿಲಿ ಮುಟ್ಟುವ ಮುನ್ನವೇ ತೆಪ್ಪ ಕಳಚಿಹೋಯಿತು. 1958ರಲ್ಲಿ ಹೊಸ ತೆಪ್ಪ ಕಟ್ಟಿ, ಈ ಸಲ ಪಶ್ಚಿಮಕ್ಕೆ ಹೊರಟರು. ಅದು ನೀರು ಹೀರಿ ಮುಳುಗತೊಡಗಿದಾಗ ಅದರದೇ ತುಂಡುಗಳಿಂದ ಕಡಲಲ್ಲೇ ಇನ್ನೊಂದನ್ನು ಕಟ್ಟಬೇಕಾಯಿತು. ಕುಕ್ ದ್ವೀಪಸಮೂಹದ ರಾಕಹಾಂಗದ ದಿಬ್ಬಕ್ಕೆ ಬಡಿದು ದ ಬಿಷಪ್ ತೀರಿಕೊಂಡರು, ಸಂಗಡಿಗರು ಬದುಕಿದರು. ದ ಬಿಷಪ್ ಅವರ ಅನುಭವ ಹೆಯರ್‌ಡಾಲ್ ತಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೂ ಒಮ್ಮೆ ದಿಕ್ಕು, ಇನ್ನೊಮ್ಮೆ ಮರ ಮುಳುವಾದವು. ಪ್ರಾಣ ಹೋದದ್ದು ಮತ್ತೆ ದಡದ ಅಂಚಿನಲ್ಲೇ.

ಎಲ್ಲ ಕಡಲೂ ಕಾನ್-ಟಿಕಿಯನ್ನು ಹೊತ್ತೊಯ್ದಂತೆ ಹೊತ್ತೊಯ್ಯುವುದಿಲ್ಲ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತುವ ದಾರಿಯಲ್ಲಿ ಕಲಿಯುತ್ತ ಹೋಗುತ್ತೇನೆಂದರೆ ನಡೆಯದು, ಅಲ್ಲಿ ಕಲಿಕೆ ಮೊದಲೇ ಮುಗಿದಿರಬೇಕು. ನಮ್ಮ ನೌಕಾಪಡೆ 'ತಾರಿಣಿ' ಹಾಯಿನೌಕೆಯ ಭೂಪ್ರದಕ್ಷಿಣೆಗೆ ಹಾಗೇ ಮಾಡಿತು. ವರ್ತಿಕಾ ಜೋಶಿ ನೇತೃತ್ವದ ಆರು ಮಹಿಳಾ ಅಧಿಕಾರಿಗಳು ನೌಕಾ ವಿನ್ಯಾಸ, ವಾಯು ಸಂಚಾರ ನಿಯಂತ್ರಣ, ಶಿಕ್ಷಣದಂಥ ವಿಭಾಗಗಳಿಂದ ಬಂದವರು. ಹೆಚ್ಚಿನವರಿಗೆ ಹಾಯಿ ಹೊಸತು. ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯ ದಿಲೀಪ್ ದೋಂದೆ ಈ ಆರು ಜನರನ್ನು ಪಳಗಿಸಿದರು. 'ಮಾದೇಯಿ' ಹಾಯಿನೌಕೆಯಲ್ಲಿ ಮಾರಿಷಸ್‌ಗೂ ಕೇಪ್‌ಟೌನ್‌ಗೂ ಹೋಗಿಬಂದ ಮೇಲೆ, 2017ರ ಸೆಪ್ಟೆಂಬರ್ 10ರಂದು ಈ ಆರು ಜನ ತಾರಿಣಿಯಲ್ಲಿ ಗೋವಾದಿಂದ ಹೊರಟರು.

ಇಷ್ಟು ತರಬೇತಾದ ಮೇಲೆ ಅವರು ಅನನುಭವಿಗಳು ಹೇಗಾದಾರು ಎಂಬುದು ಇನ್ನೊಂದು ಆಕ್ಷೇಪ. ಹೊರಟ ದಿನ ಅವರು ಅನನುಭವಿಗಳಾಗಿ ಉಳಿದಿರಲಿಲ್ಲ, ಒಪ್ಪೋಣ. ನಾನು ಹೇಳುತ್ತಿರುವುದೂ ಅದನ್ನೇ: ಹೊಸಬರ ಯಾನದ ಬಹುಪಾಲು ಯಾರೂ ಫೋಟೊ ತೆಗೆಯದ ಆ ವರ್ಷಗಳಲ್ಲಿ ನಡೆದುಹೋಗಿರುತ್ತದೆ. ಬಂದರು ಹುಡುಕುವುದು, ಒಳಸೇರುವುದು, ಬೇಕೆಂದಾಗ ನಿಲ್ಲುವುದು ಅಲ್ಲೇ ಕೈಗೆ ಹತ್ತಬೇಕು. ಕೇಪ್ ಹಾರ್ನ್ ದಾಟಿ ಮನೆಯ ಹಾದಿ ಹಿಡಿದಿದ್ದ ತಾರಿಣಿಗೆ 2018ರ ಏಪ್ರಿಲ್‌ನಲ್ಲಿ ಚುಕ್ಕಾಣಿ ಕೈಕೊಟ್ಟಿತು. ತಂಡ ಯೋಜನೆಯಲ್ಲಿಲ್ಲದ, ಮಾರಿಷಸ್‌ನ ಪೋರ್ಟ್ ಲೂಯಿ ಬಂದರಿಗೆ ನೌಕೆ ತಿರುಗಿಸಿ, ದುರಸ್ತಿ ಮುಗಿಸಿಕೊಂಡು, ಮೇ 21ರಂದು ಗೋವಾ ಸೇರಿತು.